ಒರತೆ ಕೊಟ್ಟ ಹುಚ್ಚಿ

ಒಂದು ಬಿದಿರು ಕಾಡಿಗೆ ರೂತಮ್ಮ ಎಂಬ ಕತ್ತೆ ಬಂದಾಗ, “ನೀನು ಇಲ್ಲಿ ಮೂರು ದಿನವೂ ಬಾಳಲ್ಲ” ಎಂದು ಮೊದಲು ಹೇಳಿದ್ದು ನರಿ. ರೂತಮ್ಮ ಗುಡ್ಡದ ಮೇಲಿನ ಚರ್ಚಿಗೆ ಹತ್ತು ವರ್ಷ ನೀರು ಹೊತ್ತವಳು. ಅಲ್ಲಿಗೆ ನಲ್ಲಿ ಬಂತು, ಅವಳು ಬೇಡವಾದಳು. ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡ ಯೇಸುಸ್ವಾಮಿಯ ಮಾತುಗಳಷ್ಟೇ ಅವಳ ಆಸ್ತಿ.

ಆ ಬೇಸಿಗೆ ಹಳ್ಳ ಬತ್ತಿತು. ರೂತಮ್ಮ ಹಳ್ಳದ ಮರಳನ್ನು ಗೊರಸಿನಿಂದ ಕೆರೆದಳು. ಮೂರು ದಿನ ಕೆರೆದ ಮೇಲೆ ಒರತೆ ಚಿಮ್ಮಿತು. ಜಿಂಕೆ, ಮೊಲ, ಮುಳ್ಳುಹಂದಿ ಓಡಿಬಂದವು. ಎಲ್ಲರೂ ಕುಡಿದ ಮೇಲೆ ಅವಳು ಬಾಯಿಟ್ಟಳು.

“ಅಗೆದವಳು ಕೊನೆಗೆ ಕುಡಿಯೋದಾ? ಹುಚ್ಚಿ!” ಎಂದು ನರಿ ನಕ್ಕಿತು.

“ಹೌದಪ್ಪ, ನನ್ನ ಸ್ವಾಮಿಗಾಗಿ ಹುಚ್ಚಿ.”

“ಕೇಳಿದವರಿಗೆ ಕೊಡು ಅಂದಿದ್ದಾನಂತಲ್ಲ ನಿನ್ನ ಸ್ವಾಮಿ? ಹಾಗಾದರೆ ಈ ಒರತೆ ನನಗೆ ಕೊಡು.”

“ತಗೋ. ದಿನಾ ಬೆಳಿಗ್ಗೆ ಮರಳು ತೆಗಿ. ಹತ್ತು ಬಾಯಿ ಕುಡಿದಷ್ಟೂ ಒರತೆ ಉಕ್ಕುತ್ತೆ.”

“ಕತ್ತೆ ನನಗೆ ಬುದ್ಧಿ ಹೇಳ್ತಾಳೆ!” ಎಂದ ನರಿ, ಗುಂಡಿಯ ಸುತ್ತ ಮುಳ್ಳು ಎಳೆದು ಕಾವಲು ಕೂತಿತು.

ಜಿಂಕೆ ಸಿಡುಕಿತು: “ನಿನ್ನ ಭಕ್ತಿಗೆ ನಾವು ಸಾಯಬೇಕಾ?”

“ನನಗಿನ್ನೂ ಕಾಲಿವೆ ತಾಯಿ” ಎಂದು ರೂತಮ್ಮ ಹಳ್ಳದಲ್ಲೇ ಮೇಲಕ್ಕೆ ನಡೆದು ಮತ್ತೆ ಕೆರೆದಳು. ಅಲ್ಲಿ ಮರಳಿನಡಿ ಕಲ್ಲಿತ್ತು. ಮುಂಗಾಲಿನ ಗೊರಸು ಸೀಳಿಹೋಯಿತು. ಅವಳು ನಿಲ್ಲಿಸಲಿಲ್ಲ. ಹೊತ್ತು ಮುಳುಗುವ ಮುನ್ನ ನೀರು ಬಂತು. ಆ ದಿನವೂ ಕೊನೆಗೆ ಕುಡಿದವಳು ಅವಳೇ.

ನರಿ ಮರಳು ತೆಗೆಯಲಿಲ್ಲ, ಯಾರನ್ನೂ ಹತ್ತಿರ ಬಿಡಲಿಲ್ಲ. ಐದನೆಯ ದಿನ ಅಂಚು ಕುಸಿಯಿತು. ಒರತೆ ಮುಚ್ಚಿಹೋಯಿತು. ನಾಲಗೆ ಹೊರಚಾಚಿಕೊಂಡು ನರಿ ಮೇಲಿನ ಗುಂಡಿಗೆ ಬಂದು ನೀರು ಕೇಳಿತು.

“ಹೋಗೋ, ನಿನ್ನದನ್ನೇ ನೆಕ್ಕು!” ಎಂದು ಮುಳ್ಳುಹಂದಿ ಮುಳ್ಳು ಕೆದರಿತು.

“ಅವನು ನೀರು ಕೇಳ್ತಿದ್ದಾನೆ. ದಾರಿ ಬಿಡಿ” ಎಂದಳು ರೂತಮ್ಮ. “ಬಾರಪ್ಪ, ಮೊದಲು ನೀನು ಕುಡಿ.”

ನರಿ ಕುಡಿಯಿತು. ನಾಚಿಕೆಯಿಂದ ತಲೆ ಎತ್ತಲು ಅದಕ್ಕೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಬಂದಾಗ ನರಿ ಗುಂಡಿಯೊಳಗಿಳಿದು ಮರಳು ತೆಗೆಯುತ್ತಿತ್ತು.

“ನೋಡ್ರೋ, ಇನ್ನೊಬ್ಬ ಹುಚ್ಚ!” ಎಂದಿತು ಮೊಲ.

ಈಗ ರೂತಮ್ಮನಿಗೆ ಕಾಡಿನಲ್ಲಿ ಒಂದು ಒರತೆ ಇದೆ. ಅದಕ್ಕೆ ಅವಳು ತೆತ್ತದ್ದು ಒಂದು ಗೊರಸು. ಕುಂಟುತ್ತಾ ಬರುತ್ತಾಳೆ, ಇಂದಿಗೂ ಕೊನೆಗೇ ಕುಡಿಯುತ್ತಾಳೆ.

ನೀತಿ: ದೇವರ ಮಾತು ನಂಬಿ ಕೊಟ್ಟವರನ್ನು ಲೋಕ ಹುಚ್ಚರೆನ್ನುತ್ತದೆ, ಆದರೆ ಬತ್ತುವುದು ಬಚ್ಚಿಟ್ಟವರ ಒರತೆ.