ಎಡತುದಿಯ ಜಾಗ

ಕಾಡಿನ ನಡುವೆ ಒಂದು ಮಡು. ಅದರ ಮೇಲೆ ಬಾಗಿದ ಹೊಂಗೆಮರದ ಕೊಂಬೆಯೇ ಮರಿಹಕ್ಕಿಗಳ ಶಾಲೆ, ಮಕ್ಕಳೇ. ನೀರುಕಾಗೆ ಕರಿಬಸಪ್ಪ ಮೇಷ್ಟ್ರು ಅಲ್ಲಿ ಮೀನು ಹಿಡಿಯುವುದನ್ನು ಕಲಿಸುತ್ತಿದ್ದರು. ರೆಕ್ಕೆ ಬಲಿತ ಮರಿಗಳೆಲ್ಲ ಮಳೆಗಾಲಕ್ಕೆ ಮೊದಲು ತಮ್ಮ ಊಟ ತಾವೇ ಹಿಡಿಯುವಂತಾಗಬೇಕು. ಆಗದಿದ್ದರೆ ಉಪವಾಸವೇ ಗತಿ.

ಆ ಸಾಲಿನಲ್ಲಿ ಮಿಣುಕಿ ಎಂಬ ಮಿಂಚುಳ್ಳಿ ಇದ್ದಳು. ಮೊಟ್ಟೆಯೊಡೆದು ಬಂದಾಗಿನಿಂದ ಅವಳ ಎಡಗಣ್ಣು ಕಾಣದು. ಅದೇನೂ ಅವಳಿಗೆ ದೊಡ್ಡ ತೊಂದರೆಯಾಗಿರಲಿಲ್ಲ. ತಲೆ ಓರೆ ಮಾಡಿ, ಎರಡು ಸಲ ಅಳೆದು ಧುಮುಕಿದರೆ ಮೀನು ಸಿಕ್ಕೇ ಸಿಗುತ್ತಿತ್ತು. ಅವಳಿಗೆ ತಲೆಚಿಟ್ಟು ಹಿಡಿಸಿದ್ದು ಕಣ್ಣಲ್ಲ, ಅವಳನ್ನು ಸಾಕಿದ ದ್ಯಾಮತ್ತೆ.

ದಿನವೂ ಶಾಲೆಗೆ ಜೊತೆಗೇ ಬರುತ್ತಿದ್ದ ಅತ್ತೆಯ ಪ್ರೀತಿಗೆ ಕೊರತೆಯಿರಲಿಲ್ಲ, ಬಾಯಿಗೆ ಬಿಡುವಿರಲಿಲ್ಲ. ಮೇಷ್ಟ್ರು ಹುಡುಗಿಯ ಹೆಸರು ಕೇಳಿದರೂ ಉತ್ತರ ಅತ್ತೆಯದೇ. ಮೊದಲ ದಿನವೇ, ಮಗುವಿಗೆ ಕಣ್ಣು ಮಂದ, ಆಳದ ನೀರು ಬೇಡ ಎಂದಳು. ಮೇಷ್ಟ್ರು ಮಿಣುಕಿಯನ್ನು ದಡದ ಕೆಸರುಗುಂಡಿಗೆ ಕಳಿಸಿದರು. ಅಲ್ಲಿ ಗೊದಮೊಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಮರುವಾರ, ಬಿಸಿಲು ಕಣ್ಣಿಗೆ ಚುಚ್ಚೀತು ಎಂದಳು. ನೆರಳಿಗೆ ಕೂರಿಸಿದರು. ನೆರಳಿನಲ್ಲಿ ನೀರೇ ಕಪ್ಪು, ಮೀನು ಎಲ್ಲಿ ಕಾಣಬೇಕು? ಆಮೇಲೆ, ಆಚೀಚೆ ಯಾರಾದರೂ ಆಸರೆಗಿರಲಿ ಎಂದಳು. ಸಾಲಿನ ನಟ್ಟನಡುವೆ ತಂದರು. ಅದಂತೂ ಎಲ್ಲಕ್ಕಿಂತ ಕಷ್ಟ. ಎಡಗಡೆಯಿಂದ ಯಾರು ಯಾವಾಗ ಹಾರುತ್ತಾರೋ ಅವಳಿಗೆ ತಿಳಿಯುತ್ತಲೇ ಇರಲಿಲ್ಲ.

ಸಾಲಿನ ಎಡತುದಿ ಕೊಟ್ಟರೆ ಸಾಕು ಎಂದು ಮಿಣುಕಿಗೆ ಮೊದಲ ದಿನವೇ ಗೊತ್ತಿತ್ತು. ಅಲ್ಲಿ ಕೂತರೆ ಎಲ್ಲರೂ ಕಾಣುವ ಕಣ್ಣಿನ ಕಡೆಗೇ ಇರುತ್ತಾರೆ. ಆದರೆ ಅವಳು ಬಾಯಿ ಬಿಡಲಿಲ್ಲ. ಇಷ್ಟು ದೊಡ್ಡವರಿಗೆ ಇಷ್ಟೂ ಹೊಳೆಯಬಾರದೇ ಎಂದು ಒಳಗೊಳಗೇ ಕುದಿಯುತ್ತ ಕೂತಳು. ಕುದಿದದ್ದು ಯಾರಿಗೆ ಕೇಳಿಸಬೇಕು?

ಒಂದು ಬೆಳಿಗ್ಗೆ ಅವಳು ಧುಮುಕಿದಳು. ಅದೇ ಹೊತ್ತಿಗೆ ಎಡಗಡೆ ಕೂತಿದ್ದ ತಿಪ್ಪ ಎಂಬ ಮರಿಯೂ ಧುಮುಕಿದ. ಇಬ್ಬರೂ ಗಾಳಿಯಲ್ಲೇ ಡಿಕ್ಕಿ ಹೊಡೆದರು. ತಿಪ್ಪ ತಲೆ ಸುತ್ತಿ ನೀರಿಗೆ ಬಿದ್ದ. ಜೊಂಡಿನೊಳಗಿಂದ ನೀರುಹಾವೊಂದು ಅವನತ್ತ ಹೊರಟಿತು. ಮೇಷ್ಟ್ರು ಹಾರಿ, ಅವನನ್ನು ಕೊಕ್ಕಿನಲ್ಲಿ ಕಚ್ಚಿ ಎಳೆಯುವಾಗ ಹಾವಿಗೂ ಅವನಿಗೂ ನಡುವೆ ಒಂದೇ ಗೇಣು ಉಳಿದಿತ್ತು.

ಮೇಷ್ಟ್ರು ತಿಪ್ಪನನ್ನು ದಡಕ್ಕೆ ತಂದು ಇಳಿಸಿದರು. ಆಗಲೂ ಅವರು ಕೇಳಿದ್ದು ಅತ್ತೆಯನ್ನೇ, ಈ ಹುಡುಗಿಗೆ ಇನ್ನೇನು ಮಾಡಬೇಕು ಎಂದು. ಅತ್ತೆ, ಇನ್ನು ಶಾಲೆಯೇ ಬೇಡ, ಜನ್ಮವಿಡೀ ನಾನೇ ತುತ್ತು ತಂದುಕೊಡುತ್ತೇನೆ ಎಂದು ಶುರು ಮಾಡಿದಳು.

ಮಿಣುಕಿ ಒದ್ದೆಮುದ್ದೆಯಾಗಿದ್ದ ತಿಪ್ಪನನ್ನು ನೋಡಿದಳು. ಅವನ ಕೊಕ್ಕು ಇನ್ನೂ ಅದುರುತ್ತಿತ್ತು.

"ಅತ್ತೆ, ಸ್ವಲ್ಪ ಸುಮ್ಮನಿರು," ಎಂದಳು. "ಮೇಷ್ಟ್ರೇ, ನನಗೆ ಎಡಗಣ್ಣು ಕಾಣುವುದಿಲ್ಲ. ಬಲಗಣ್ಣು ಚೆನ್ನಾಗಿದೆ. ನನ್ನನ್ನು ಸಾಲಿನ ಎಡತುದಿಗೆ ಕೂರಿಸಿ. ಬೇರೇನೂ ಬೇಡ."

"ಅಷ್ಟೇನಾ? ಇದನ್ನು ಹೇಳಲು ಒಂದು ತಿಂಗಳು ಬೇಕಾಯಿತೇ?"

"ನೀವೂ ಒಂದು ತಿಂಗಳಿಂದ ಅತ್ತೆಯನ್ನೇ ಕೇಳುತ್ತಿದ್ದೀರಿ."

ಮೇಷ್ಟ್ರು ಕೊಂಬೆಗೆ ಹಾರಿದರು. ಎಡತುದಿ ಖಾಲಿ ಮಾಡಿಸಿದರು. ಅಂದು ಮಿಣುಕಿ ಆಳದ ನೀರಿನಿಂದಲೇ ಮೀನು ಹಿಡಿದು, ಮೊದಲನೆಯದನ್ನು ತಿಪ್ಪನ ಮುಂದಿಟ್ಟಳು. ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದಳು.

ಮಳೆ ಬಿದ್ದ ಮೇಲೆ ಮರಿಗಳು ದೊಡ್ಡ ಕೆರೆಗೆ ಹೋದವು. ಅಲ್ಲಿನ ಗುರು, ಜೋಳಿಗೆಯಂಥ ಕೊಕ್ಕಿನ ಹೆಜ್ಜಾರ್ಲೆ. ಮಿಣುಕಿ ಹೋದ ಕೂಡಲೇ ತನಗೇನು ಬೇಕೆಂದು ಹೇಳಿದಳು. ತುದಿಯ ಜಾಗ ಹಿರಿಯರದು, ಒಬ್ಬಳಿಗಾಗಿ ಕಟ್ಟಳೆ ಮುರಿಯಲಾಗದು ಎಂದು ಹೆಜ್ಜಾರ್ಲೆ ಗೊಣಗಿತು. ಮಿಣುಕಿ ಕದಲಲಿಲ್ಲ. ಎಡಗಣ್ಣು ಕಾಣದೆ ನಡುವೆ ಕೂತರೆ ಹಿರಿಯರಿಗೇ ಏಟು ಬಿದ್ದೀತೆಂದು ಮತ್ತೊಮ್ಮೆ, ಮಗದೊಮ್ಮೆ ವಿವರಿಸಿದಳು. ಕೊನೆಗೆ ಹೆಜ್ಜಾರ್ಲೆ ನಿಟ್ಟುಸಿರು ಬಿಟ್ಟು, ತುದಿಯಲ್ಲಿ ತೂಕಡಿಸುತ್ತಿದ್ದ ಮುದಿ ಕೊಕ್ಕರೆಯನ್ನು ಪಕ್ಕಕ್ಕೆ ಸರಿಯಲು ಹೇಳಿತು.

ನೀತಿ: ನಿನ್ನ ಬೇಕು-ಬೇಡ ನಿನ್ನ ಬಾಯಿಂದಲೇ ಬರಲಿ; ಕೇಳುವವರೂ ಪಕ್ಕದವರನ್ನಲ್ಲ, ನಿನ್ನನ್ನೇ ಕೇಳಲಿ.