ಣ ಅಕ್ಷರದ ಮಗಳು

"ಗುರುಗಳೇ, ಹೆಸರು ತಪ್ಪಾದರೆ ಮಗುವಿಗೆ ಕೇಡಾಗುತ್ತದೆಯೇ?"

ಕೇಳಿದವನು ಮುದ್ದಯ್ಯ, ಮಠಕ್ಕೆ ನಡೆದುಕೊಳ್ಳುವ ಸಂಸಾರಿ ಶಿಷ್ಯ. ಅವನ ಹೆಂಡತಿ ಹೆಣ್ಣು ಹೆತ್ತು ಹತ್ತು ದಿನವಾಗಿತ್ತು. ನಾಡಿದ್ದು ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಅವನ ತಾಯಿ ಒಂದು ಹೆಸರು ಹೇಳುತ್ತಿದ್ದಳು, ತಂಗಿ ಇನ್ನೊಂದು ಹೇಳುತ್ತಿದ್ದಳು, ಪಂಚಾಂಗ ಎರಡೂ ಬೇಡ ಎನ್ನುತ್ತಿತ್ತು. ಅವನಿಗೆ ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ.

"ಹೆತ್ತವಳು ಅವಳು. ಸೊರಗುತ್ತಿರುವವನು ನೀನು. ಚೆನ್ನಾಗಿದೆ," ಎಂದರು ಗುರುಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಬ್ಬ ಬಡಗಿಯಿದ್ದ. ತೊಟ್ಟಿಲು ಮಾಡುವುದರಲ್ಲಿ ಎತ್ತಿದ ಕೈ. ಸುತ್ತಲ ಏಳು ಹಳ್ಳಿಯ ಮಕ್ಕಳು ಅವನು ಮಾಡಿದ ತೊಟ್ಟಿಲಲ್ಲೇ ಮಲಗಿ ಹೆಸರು ಪಡೆದವರು. ಅವನಿಗೂ ಒಂದು ಹೆಣ್ಣು ಮಗು ಹುಟ್ಟಿತು. ತನಗೆ ಇಷ್ಟವಾದ ಹೆಸರನ್ನೇ ಇಟ್ಟ, ಯಾರನ್ನೂ ಕೇಳಲಿಲ್ಲ. ನಲವತ್ತನೆಯ ದಿನ ಆ ಮಗು ಜ್ವರ ಬಂದು ತೀರಿಕೊಂಡಿತು.

ಮಣ್ಣು ಮಾಡಿ ಬಂದ ಮೇಲೆ, ಸಮಾಧಾನ ಹೇಳಲು ಬಂದವರಲ್ಲಿ ಯಾರೋ ಒಬ್ಬರು, "ನಕ್ಷತ್ರಕ್ಕೂ ಹೆಸರಿಗೂ ಕೂಡಿ ಬಂದಿರಲಿಲ್ಲವೇನೋ," ಎಂದರು. ಅಂದವರು ಅಂದು, ನೀರು ಕುಡಿದು, ತಮ್ಮ ಮನೆಗೆ ಹೋದರು. ಮಾತು ಬಡಗಿಯ ಮನೆಯಲ್ಲೇ ಉಳಿಯಿತು. ತನ್ನ ನಾಲಗೆಯೇ ತನ್ನ ಮಗಳನ್ನು ಕೊಂದಿತು ಎಂದು ಅವನು ನಂಬಿಬಿಟ್ಟ. ನಗಬೇಡ ಮುದ್ದಯ್ಯ. ಮಗು ಕಳೆದುಕೊಂಡವನು ಏನನ್ನು ಬೇಕಾದರೂ ನಂಬುತ್ತಾನೆ.

ಮೂರು ವರ್ಷದ ಮೇಲೆ ಎರಡನೆಯ ಮಗಳು ಹುಟ್ಟಿದಳು. ಈ ಸಲ ಬಡಗಿ ಮಗುವಿನ ಮುಖವನ್ನೂ ಸರಿಯಾಗಿ ನೋಡದೆ ನೇರ ಜೋಯಿಸರ ಮನೆಗೆ ಓಡಿದ. ಜೋಯಿಸರು ಬೆರಳು ಮಡಿಸಿದರು. "ಹಸ್ತಾ ನಕ್ಷತ್ರ, ಮೂರನೇ ಪಾದ. ಹೆಸರಿನ ಮೊದಲ ಅಕ್ಷರ ಣ," ಎಂದರು.

"ಣ ಅಂದರೆ?"

"ಣ ಅಂದರೆ ಣ."

"ಬೇರೆ ಅಕ್ಷರದಲ್ಲಿ ಇಟ್ಟರೆ ಆಗೋದಿಲ್ವಾ ಸ್ವಾಮಿ?"

"ಇಡಬಹುದು. ಆದರೆ..." ಎಂದ ಜೋಯಿಸರು ಅಷ್ಟರಲ್ಲಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಬಾಯಿ ತುಂಬ ರಸ. ಮುಂದಿನ ಮಾತು ಬರಲೇ ಇಲ್ಲ. 'ಆದರೆ ಶನಿವಾರ ಬೇಡ' ಎನ್ನುವವರಿದ್ದರೋ, 'ಆದರೆ ನಿನ್ನಿಷ್ಟ' ಎನ್ನುವವರಿದ್ದರೋ, ಆ ದೇವರಿಗೇ ಗೊತ್ತು. ಬಡಗಿ ಆ ಅರ್ಧ ಮಾತನ್ನು ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಕಟ್ಟಿಕೊಂಡು ಮನೆಗೆ ಬಂದ. ಹೆಂಡತಿಗೆ ಹೇಳಿದ: "ಣ ಅಕ್ಷರದ ಹೆಸರು ಸಿಗೋ ತನಕ ಈ ಮಗೂಗೆ ಯಾರೂ ಹೆಸರಿಡಕೂಡದು. ಮುದ್ದಿಗೂ ಇಡಕೂಡದು. ನನ್ನಾಣೆ."

ಹೆಂಡತಿ ತಲೆಯಾಡಿಸಿದಳು. ಒಂದು ಮಗುವನ್ನು ಮಣ್ಣಿಗೆ ಕೊಟ್ಟವಳು ಅವಳೂ ಹೌದು.

ಆಮೇಲೆ ಶುರುವಾಯಿತು ನೋಡು ಹುಡುಕಾಟ. ಕನ್ನಡದಲ್ಲಿ ಣ ಅಕ್ಷರದಿಂದ ಶುರುವಾಗುವ ಒಂದು ಮಾತು ಹೇಳು ನೋಡೋಣ. ಇಲ್ಲ ತಾನೆ? ಬಡಗಿ ಊರಿನ ಮೇಷ್ಟರನ್ನು ಕೇಳಿದ. ಮೇಷ್ಟರು, "ಬಾಣದಲ್ಲಿದೆ, ಕಣದಲ್ಲಿದೆ, ಹೆಣದಲ್ಲಿದೆ. ಎಲ್ಲಿ ನೋಡಿದರೂ ಹಿಂದೆಯೇ ಕೂರುತ್ತದೆ. ಮುಂದೆ ನಿಲ್ಲುವ ಜಾಯಮಾನವೇ ಅಲ್ಲ ಅದರದು," ಎಂದರು. ಹೆಣ ಎಂಬ ಮಾತು ಕಿವಿಗೆ ಬಿದ್ದದ್ದೇ ಬಡಗಿ ಅಲ್ಲಿಂದ ಎದ್ದು ಬಂದ. ಇನ್ನಾರೋ, "ನಾಗಮ್ಮನನ್ನೇ ಣಾಗಮ್ಮ ಮಾಡು, ಆಯಿತಲ್ಲ," ಎಂದರು. ಹಿತ್ತಲಿಗೆ ಹೋಗಿ ಕೂಗಿ ನೋಡಿದ. ನಾಲಗೆ ಮಡಿಚಿಕೊಂಡಿತು. ಪಕ್ಕದ ಮನೆಯವರು, ಬಾಯಿಗೆ ಜೇನುಹುಳ ಕಚ್ಚಿತೇ ಎಂದು ಕೇಳಿದರು. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವನು ಎರಡು ದಿನ ಅವಳ ಜೊತೆ ಮಾತು ಬಿಟ್ಟ.

ತಿಂಗಳುಗಳು ಹೋದವು. ಮಗುವಿಗೆ ಹಲ್ಲು ಬಂತು, ಹೆಜ್ಜೆ ಬಂತು, ಹೆಸರು ಬರಲಿಲ್ಲ. ಅಪ್ಪನ ಬಾಯಲ್ಲಿ ಅವಳು ಬರೀ 'ಅದು'. ಅದು ಉಂಡಿತಾ? ಅದು ಮಲಗಿತಾ? ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಅಂದುಕೊಂಡೀಯ. ಗಂಟಲ ತನಕ ಇತ್ತು. ಬಾಯಿಗೆ ಬಂದರೆ ಎಲ್ಲಿ ಕೇಡಾಗುತ್ತದೋ ಎಂದು ಅಲ್ಲೇ ತಡೆದಿದ್ದ.

ಅವಳಿಗೆ ಒಂದೂಮುಕ್ಕಾಲು ವರ್ಷವಾಗಿತ್ತು. ಒಂದು ಸೋಮವಾರ ಮೂವರೂ ಸಂತೆಗೆ ಹೋದರು. ಬಡಗಿ ತೊಟ್ಟಿಲು ಮಾರಲು ಕೂತ. ಹೆಂಡತಿ ಮಗುವನ್ನು ಅವನ ಪಕ್ಕದಲ್ಲಿ ಕೂರಿಸಿ ಮೆಣಸಿನಕಾಯಿ ತರಲು ಹೋದಳು. ಯಾರೋ ತೊಟ್ಟಿಲಿನ ಕೀಲು ಅಲುಗಾಡಿಸಿ, ಇದು ಸಡಿಲ ಎಂದರು. ಕಸುಬು ಬಲ್ಲವನು ಅಂಥ ಮಾತು ಸಹಿಸುವುದಿಲ್ಲ. ಅವನು ಕೀಲಿನ ಕಡೆ ತಿರುಗಿದ. ಇತ್ತ ತಿರುಗುವಷ್ಟರಲ್ಲಿ ಮಗು ಇಲ್ಲ.

ಸಂತೆ ಎಂದರೆ ಗೊತ್ತಲ್ಲ, ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಆಚೆ ದನಗಳ ಸಾಲು. ಅದರಾಚೆ ಕಟ್ಟೆಯಿಲ್ಲದ ಬಾವಿ. ಬಡಗಿ ಎದ್ದು ನಿಂತ. ಕೂಗಲು ಬಾಯಿ ತೆರೆದ. ಕೂಗಲು ಏನೂ ಇರಲಿಲ್ಲ.

"ಮಗೂ!" ಎಂದ. ಹತ್ತು ಮಕ್ಕಳು ತಿರುಗಿ ನೋಡಿದವು. ಅವನದು ಅವುಗಳಲ್ಲಿ ಇರಲಿಲ್ಲ. ದನಗಳ ಕಾಲ ಸಂದಿಯಲ್ಲಿ ನೋಡಿದ. ಬಾವಿಗೆ ಬಗ್ಗಿ ನೋಡಿದ. ಬಳೆ ಮಾರುವ ಮುದುಕಿಯೊಬ್ಬಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ನಿಂತ್ಕೊಳ್ಳಪ್ಪಾ. ಮೂವತ್ತು ವರ್ಷದಿಂದ ಸಂತೇಲಿ ಕೂಗಿದ ಗಂಟಲು ನಂದು, ನಾನು ಕೂಗ್ತೀನಿ. ಏನು ಮಗೂ ಹೆಸರು?"

"ಹೆಸರಿಲ್ಲ ತಾಯಿ."

"ಅಯ್ಯೋ ನಿನ್ನ ಮನೆ ಕಾಯ್ವಾಗ! ನಡೆಯೋ ಮಗೂಗೆ ಹೆಸರಿಲ್ವಾ? ಏನಂತ ಹುಡುಕೋದು?"

ಬಡಗಿ ಸಂತೆಯ ನಡುವೆ ನೆಲಕ್ಕೆ ಕುಸಿದ. ಮೊದಲನೆಯವಳನ್ನು ಹೆಸರಿಟ್ಟು ಕಳೆದುಕೊಂಡೆ, ಇವಳನ್ನು ಹೆಸರಿಡದೆ ಕಳೆದುಕೊಂಡೆ ಎಂದು ಹಣೆ ಚಚ್ಚಿಕೊಂಡು ಅತ್ತ.

ಆಗ ಹೆಂಡತಿ ಬಂದಳು. ಮೆಣಸಿನಕಾಯಿಯ ಚೀಲ ಎಲ್ಲೋ ಬಿಸಾಡಿ ಓಡಿ ಬಂದಿದ್ದಳು. ಗಂಡನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು.

"ಬಾಳವ್ವಾ! ಏ ಬಾಳವ್ವಾ!"

ಬೆಲ್ಲದ ಗಾಡಿಯ ಕೆಳಗಿನಿಂದ, "ಓ," ಎಂದಿತು ಒಂದು ಸಣ್ಣ ದನಿ. ಮೊದಲು ಎರಡು ಕೈ ಹೊರಗೆ ಬಂದವು, ಆಮೇಲೆ ಬೆಲ್ಲ ಮೆತ್ತಿದ ಮುಖ ಬಂತು. ಬಡಗಿ ಅವಳನ್ನು ಬಾಚಿ ಎತ್ತಿಕೊಂಡ. ಹೋದ ಜೀವ ಬಂದಂತಾಯಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ನೋಡಿದವರಿಗೆ ತಿಳಿಯಲಿಲ್ಲ. ಬಳೆ ಮುದುಕಿ ತಾನೂ ಕಣ್ಣೊರೆಸಿಕೊಂಡು, ಮಗುವಿನ ಕೈಗೆ ಎರಡು ಬಳೆ ತೊಡಿಸಿ, ಅಪ್ಪನಿಗೆ ಚೆನ್ನಾಗಿ ಬೈದು ಹೋದಳು.

ಉಸಿರು ಹದಕ್ಕೆ ಬಂದ ಮೇಲೆ ಬಡಗಿ ಹೆಂಡತಿಯನ್ನು ಕೇಳಿದ: "ಆಣೆ ಹಾಕಿದ್ದೆನಲ್ಲೇ. ಯಾವಾಗ ಹೆಸರಿಟ್ಟೆ?"

"ನಾನೆಲ್ಲಿ ಹೆಸರಿಟ್ಟೆ? ಹುಟ್ಟಿದ ದಿನ ಅವಳ ಕಿವೀಲಿ ಬೇಡಿಕೊಂಡೆ, ನೀನಾದರೂ ಬಾಳವ್ವ, ನನ್ನವ್ವ, ಬಾಳು ಅಂತ. ದಿನಾ ಅದನ್ನೇ ಹೇಳಿದೆ. ನಿಮ್ಮ ಬಾಚಿ ಮರಕ್ಕೆ ಬೀಳುವಾಗ ಹೇಳ್ತಿದ್ದೆ, ಬಾಚಿ ನಿಂತರೆ ನಾನೂ ಬಾಯಿ ಮುಚ್ತಿದ್ದೆ. ಅವಳು ಅದನ್ನೇ ತನ್ನ ಹೆಸರು ಅಂದುಕೊಂಡಳು. ಊರೂ ಅಂದುಕೊಂಡಿತು."

"ಊರಿಗೆಲ್ಲ ಗೊತ್ತಾ?"

"ನಿಮ್ಮೊಬ್ಬರನ್ನು ಬಿಟ್ಟು."

ಬಡಗಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಗಳು ಣ ಅಲ್ಲದ ಹೆಸರಿಗೆ ಓಗೊಡುತ್ತಾ ಒಂದೂಮುಕ್ಕಾಲು ವರ್ಷ ಗುಂಡುಕಲ್ಲಿನ ಹಾಗೆ ಇದ್ದಳು. ನಡುವೆ ಅವಳಿಗೂ ಜ್ವರ ಬಂದಿತ್ತು, ದಡಾರ ಬಂದಿತ್ತು. ಬಂದದ್ದು ಹೋಗಿತ್ತು, ಅವಳು ಉಳಿದಿದ್ದಳು. ಹಾಗಾದರೆ ಮೊದಲನೆಯವಳನ್ನು ಒಯ್ದದ್ದು ಜ್ವರ, ನನ್ನ ನಾಲಗೆಯಲ್ಲ ಎಂದು ಅವನಿಗೆ ಆ ಹೊತ್ತು ಹೊಳೆಯಿತು. ಐದು ವರ್ಷ ಹೊತ್ತಿದ್ದ ಭಾರ ಅದು. ಸಂತೆಯಲ್ಲಿ ಕೂತೇ ಇಳಿಸಿದ.

ಆಮೇಲೆ ಮಗಳನ್ನು ಎದುರಿಗೆ ಹಿಡಿದು, ಮೊದಲ ಸಲ, ಹೆದರುತ್ತಲೇ ಕರೆದ: "ಬಾಳವ್ವ." ಅವಳು "ಓ," ಎಂದಳು. ಅವನಿಗೆ ನಂಬಿಕೆ ಬರಲಿಲ್ಲ. ಮತ್ತೆ ಕರೆದ. ಮನೆ ಸೇರುವ ತನಕ ದಾರಿಯುದ್ದಕ್ಕೂ ಕರೆಯುತ್ತಲೇ ಇದ್ದ, ಅವಳು ಓಗೊಡುತ್ತಲೇ ಇದ್ದಳು. ಕೊನೆಗೆ ಸುಸ್ತಾಗಿ ಅವನ ಹೆಗಲ ಮೇಲೆ ನಿದ್ದೆ ಹೋದಳು. "ಸಾಕು ಬಿಡಿ, ಒಂದೇ ದಿನಕ್ಕೆ ಹೆಸರು ಸವೆದು ಹೋದೀತು," ಎಂದಳು ಹೆಂಡತಿ.

ಗುರುಗಳು ಕತೆ ಮುಗಿಸಿದರು. ಮುದ್ದಯ್ಯ ಕಣ್ಣೊರೆಸಿಕೊಂಡು ನಕ್ಕ. ಅವನ ಎದೆಯೂ ಹಗುರಾಗಿತ್ತು. ಹಸಿವಾಗುತ್ತಿದೆ ಎಂದೂ ಅನ್ನಿಸಿತು.

"ಪಾಪ, ಎಂಥ ಪೆದ್ದ ಗುರುಗಳೇ ಆ ಬಡಗಿ! ಹೆಸರು ಮನೆಯಲ್ಲೇ ಇತ್ತು, ಊರೆಲ್ಲ ಅಲೆದ. ನಮ್ಮ ಮನೆಯಲ್ಲಿ ಪುಣ್ಯಕ್ಕೆ ಆ ತೊಂದರೆ ಇಲ್ಲ. ನನ್ನ ಹೆಂಡತಿ ಇನ್ನೂ ಯಾವ ಹೆಸರನ್ನೂ ಹೇಳಿಲ್ಲ."

"ನಿನಗೆ ಹೇಳಿಲ್ಲ ಅನ್ನು," ಎಂದರು ಗುರುಗಳು.