ಬಾಯಿ ಬಿಡದೆ ಹೊಯ್ದ ಗಂಟೆ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಹೊಳೆಸಾಲು ಅಂತ ಒಂದು ಊರಿತ್ತಂತೆ. ಕಾಲು ಆಡಿಸಬೇಡ ಪುಟ್ಟ, ಹೊದಿಕೆ ಜಾರುತ್ತೆ. ಆ ಊರಿನ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಂಚುಗಾರರ ಬೀದಿ. ಆ ಬೀದೀಲಿ ಕಾಳಿಂಗಾಚಾರಿ ಅಂತ ಒಬ್ಬ ಇದ್ದನಂತೆ. ಅವನ ತಾತ ಹಿತ್ತಲಲ್ಲಿ ಒಂದೇ ಒಂದು ಒಲೆ ಇಟ್ಕೊಂಡು ತಂಬಿಗೆ, ಬಟ್ಟಲು, ಸಣ್ಣ ಗಂಟೆ ಎರಕ ಹೊಯ್ತಿದ್ದನಂತೆ, ಅಪ್ಪನ ಕಾಲಕ್ಕೆ ಅದು ದೊಡ್ಡ ಎರಕದ ಮನೆ ಆಯ್ತಂತೆ, ಇವನ ಕೈಗೆ ಬಂದಮೇಲಂತೂ ಕೇಳಬೇಡ, ಬೀದಿಗೆ ಬೀದೀನೇ ಇವನ ಕೆಲಸದಲ್ಲಿ ಉಣ್ಣೋ ಹಾಗಾಯ್ತಂತೆ. ಹೊಳೆಸಾಲಿನ ಊಟದ ತಣಿಗೆ, ಹೊಳೆಸಾಲಿನ ಗಂಟೆ ಅಂದ್ರೆ ದೂರದೂರಿನವರು ಗಾಡಿ ಕಟ್ಕೊಂಡು ಬರ್ತಿದ್ದರಂತೆ.

ಅವನ ಹೆಂಡತಿ ಸಾವಂತ್ರಮ್ಮ. ಮೂವರು ಮಕ್ಕಳು. ಮೊದಲೆರಡು ಗಂಡು, ಅಪ್ಪನ ಥರಾನೇ ಗಟ್ಟಿಗರು. ಕೊನೇದು ಹೆಣ್ಣು, ಹೆಸರು ಶಾರಿ. ಅವಳು ಎದ್ದಾಗಿಂದ ಮಲಗೋವರೆಗೂ ಮಾತು, ಮಾತು, ಮಾತು. ನಿನ್ನ ಹಾಗೇ ಅಂತಿಟ್ಕೋ. ಅಪ್ಪ ಅದೇನು, ಅಪ್ಪ ಇದ್ಯಾಕೆ ಹೀಗೆ, ಕಂಚಿಗೆ ಬಿಸಿ ಆದ್ರೆ ನೋಯಲ್ವಾ ಅಂತ ತಲೆ ತಿಂತಿದ್ದಳಂತೆ. ಅವನೂ ಎಷ್ಟು ಕೆಲಸ ಇದ್ರೂ ಇಲ್ಲ ಮಗಳೇ, ಅದಕ್ಕೆ ಕಚಗುಳಿ ಆಗುತ್ತೆ ಅಂತ ಏನಾದರೊಂದು ಹೇಳ್ತಿದ್ದನಂತೆ.

ಆದರೆ ಆ ಬೀದೀಲಿ ಒಂದು ಕಟ್ಟಳೆ ಇತ್ತು ನೋಡು. ತಂಬಿಗೆ ಹೊಯ್ಯೋವಾಗ ಎಷ್ಟು ಬೇಕಾದ್ರೂ ಹರಟಬಹುದು. ಗಂಟೆ ಹೊಯ್ಯೋ ದಿನ ಮಾತ್ರ, ಒಲೆಗೆ ಬೆಂಕಿ ಹಾಕಿದಾಗಿಂದ ಎರಕ ತಣ್ಣಗಾಗೋವರೆಗೂ ಬೀದೀಲಿ ಒಬ್ಬರೂ ತುಟಿ ಬಿಚ್ಚೋ ಹಾಗಿಲ್ಲ. ಕರಗಿದ ಕಂಚು ಯಾರ ದನಿ ಕೇಳಿದ್ರೆ ಅದನ್ನೇ ಹೊಟ್ಟೇಲಿ ಇಟ್ಕೊಂಡುಬಿಡುತ್ತಂತೆ, ಆಮೇಲೆ ಅದರ ಸ್ವಂತ ದನಿಗೆ ಜಾಗ ಸಾಲದೆ ಗಂಟೆ ಸೀಳಿಬಿಡುತ್ತಂತೆ. ಅದಕ್ಕೇ ಅವತ್ತು ಕೋಳಿಗಳನ್ನ ಬುಟ್ಟೀಲಿ ಮುಚ್ಚಿ ಆಚೆ ಕೇರಿಗೆ ಸಾಗಿಸ್ತಿದ್ದರಂತೆ, ಶಾರೀನ ಅಜ್ಜಿ ಮನೆಗೆ ಅಟ್ತಿದ್ದರಂತೆ. ಮಾತಾಡಿದ್ರೆ ನಿಜವಾಗಿ ಸೀಳುತ್ತಾ ಅಂತ ಯಾರಾದರೂ ನೋಡಿದ್ರಾ ಅಂತ ಕೇಳ್ತೀಯಾ? ಇಲ್ಲ ಮಗ. ಅಪ್ಪ ಸುಮ್ಮನಿದ್ದ, ತಾತ ಸುಮ್ಮನಿದ್ದ, ಇವರೂ ಸುಮ್ಮನಿದ್ರು.

ಆ ಊರಿಗೆ ಹೊಳೆಯದೇ ಒಂದು ಕಾಟ. ಮಳೆಗಾಲದಲ್ಲಿ ಯಾವ ಹೊತ್ತಲ್ಲಿ ನೀರು ಏರುತ್ತೋ ಹೇಳೋಕಾಗ್ತಿರಲಿಲ್ಲ, ಪ್ರತಿ ವರ್ಷ ಯಾರದಾದರೂ ಮನೆ ಬರಿದಾಗ್ತಿತ್ತಂತೆ. ಆಗ ಕಾಳಿಂಗಾಚಾರಿ ಊರವರನ್ನ ಕೂರಿಸ್ಕೊಂಡು ಹೇಳಿದನಂತೆ, ಇಡೀ ಊರಿಗೆ ಕೇಳೋ ಹಾಗೆ ಒಂದು ದೊಡ್ಡ ಗಂಟೆ ಮಾಡ್ಕೊಡ್ತೀನಿ, ನೀರು ಏರಿದ ತಕ್ಷಣ ಬಾರಿಸಿ, ಎಲ್ಲರೂ ಗುಡ್ಡ ಹತ್ತಿ ಅಂತ. ಜನ ಕುಣಿದಾಡಿಬಿಟ್ಟರಂತೆ. ನಮ್ಮದೂ ಸೇರಲಿ ಅಂತ ಮನೆ ಮನೆಯವರೂ ಕಂಚು ತಂದು ಸುರಿದರಂತೆ, ತವರಿನವರು ಮದುವೇಲಿ ಕೊಟ್ಟ ತಣಿಗೇನ ಕಣ್ಣಿಗೊತ್ತಿಕೊಂಡು ಕೊಟ್ಟ ಹೆಂಗಸರೂ ಇದ್ದರಂತೆ. ಅಷ್ಟು ದೊಡ್ಡ ಗಂಟೆ ಅಂದ್ರೆ ಒಲೆಗೆ ಗಾಳಿ ಊದೋ ತಿದಿ ಒತ್ತೋಕೇ ಎಷ್ಟು ಜನ ಬೇಕು, ಊರಿನ ಗಂಡಸರೆಲ್ಲ ಎರಕದ ಮನೆ ಸೇರಿದರಂತೆ. ದೋಣಿ ನಡೆಸೋ ಅಂಬಿಗನೂ ಬಂದು ತಿದಿ ಹಿಡಿದನಂತೆ.

ಹಿಂದಿನ ದಿನದಿಂದಲೇ ಶಾರಿಗೆ ಜ್ವರ, ಗಂಟಲು ನೋವು. ಥಂಡಿಗೆ ಇರಬೇಕು ಅಂತ ಸಾವಂತ್ರಮ್ಮ ಕಷಾಯ ಕುಡಿಸಿ, ಅಜ್ಜಿ ಮನೆಗೆ ಕಳಿಸದೆ ಮನೇಲೇ ಮಲಗಿಸಿದ್ದಳಂತೆ. ಬೆಳಗ್ಗೆ ಅಲ್ಲಿ ಒಲೆ ಉರಿಯೋ ಹೊತ್ತಿಗೆ ಇಲ್ಲಿ ಮಗುವಿನ ಗಂಟಲು ಊದಿ, ಉಸಿರು ಸುಯ್ ಸುಯ್ ಅನ್ನೋಕೆ ಶುರುವಾಯ್ತಂತೆ. ಮದ್ದು ಕೊಡೋ ಪಂಡಿತರು ಇರೋದು ಹೊಳೆಯಾಚೆ. ಅಂಬಿಗ ಇರೋದು ಎರಕದ ಮನೇಲಿ. ಸಾವಂತ್ರಮ್ಮ ಓಡಿಹೋಗಿ ಎರಕದ ಮನೆ ಬಾಗಿಲಲ್ಲಿ ನಿಂತಳಂತೆ. ಕಾಳಿಂಗಾಚಾರಿ ಅವಳನ್ನ ನೋಡಿದ, ಊಟಕ್ಕೆ ಕರೆಯೋಕೆ ಬಂದಿದಾಳೆ ಅಂದ್ಕೊಂಡು, ಇರು ಅಂತ ಕೈ ಎತ್ತಿದನಂತೆ. ಅವಳು ಬಾಯಿ ತೆರೆದಳು, ಊರಿನ ಕಂಚೆಲ್ಲ ಆ ಮೂಸೇಲಿ ಕುದೀತಿರೋದು ಕಣ್ಣಿಗೆ ಬಿತ್ತು, ಬಾಯಿ ಮುಚ್ಕೊಂಡು ವಾಪಸ್ಸು ಹೋದಳಂತೆ.

ಆಮೇಲೆ ಎರಡನೇ ಸಲ ಬಂದಳಂತೆ. ತಲೆ ಕೆದರಿತ್ತು, ಕಣ್ಣಲ್ಲಿ ನೀರು ಇಳೀತಿತ್ತು. ಈ ಸಲ ಅವನಿಗೂ ಮಗಳಿಗೇನೋ ಆಗಿದೆ ಅಂತ ಗೊತ್ತಾಯ್ತು ಮಗ, ಗೊತ್ತಾಗಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದರೆ ಕಂಚು ಆಗಲೇ ಅಚ್ಚಿಗೆ ಇಳೀತಾ ಇತ್ತು, ನಡುವೆ ನಿಲ್ಲಿಸಿದ್ರೆ ಎರಡು ತುಂಡಾಗುತ್ತೆ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ಬೆರಳಲ್ಲೇ ತೋರಿಸಿ ಮುಖ ತಿರುಗಿಸಿಕೊಂಡನಂತೆ.

ಮೂರನೇ ಸಲ ಅವಳು ಶಾರೀನ ಹೆಗಲ ಮೇಲೆ ಹಾಕ್ಕೊಂಡೇ ಬಂದಳಂತೆ. ಎರಕ ತುಂಬಿತ್ತು, ಇನ್ನೂ ಆರಿರಲಿಲ್ಲ. ಮಗು ಅಪ್ಪನ್ನ ಕಂಡಿದ್ದೇ ಕೂಗೋಕೆ ಬಾಯಿ ತೆಗೀತು. ಸಾವಂತ್ರಮ್ಮ ಅದರ ಬಾಯಿ ಮೇಲೆ ಅಂಗೈ ಒತ್ತಿ ಹಿಡಿದುಬಿಟ್ಟಳಂತೆ. ಅದನ್ನ ನೋಡಿ ಕಾಳಿಂಗಾಚಾರಿಗೆ, ಸದ್ಯ, ಅಂತ ಸಮಾಧಾನ ಆಯ್ತಂತೆ. ಆ ಒಂದು ಗಳಿಗೆಯ ಸಮಾಧಾನ ಇದೆಯಲ್ಲ, ಅದು ಅವನನ್ನ ಬದುಕಿರೋವರೆಗೂ ಸುಟ್ಟಿತಂತೆ.

ಆಮೇಲೆ ಗಂಡ ಹೆಂಡತಿ ಅಂಬಿಗನ್ನ ಸನ್ನೆ ಮಾಡಿ ಎಬ್ಬಿಸ್ಕೊಂಡು ಮಗೂನ ಎತ್ಕೊಂಡು ಓಡಿದರಂತೆ. ಬೀದಿ ದಾಟೋವರೆಗೂ ಮೂವರಲ್ಲಿ ಒಬ್ಬರೂ ಮಾತಾಡಲಿಲ್ಲ. ಹೊಳೆ ದಂಡೆಗೆ ಬಂದಮೇಲೆ, ಶಾರೀ, ಶಾರವ್ವಾ, ಈಗ ಮಾತಾಡು ಮಗಳೇ ಅಂತ ಅವನು ಬೇಡ್ಕೊಂಡನಂತೆ. ಅವಳು ಮಾತಾಡಲಿಲ್ಲ. ಆಚೆ ದಡದಲ್ಲಿ ಪಂಡಿತರು ಮಗುವಿನ ಕೈ ಹಿಡಿದು ನೋಡಿ, ಔಷಧಿ ಪೆಟ್ಟಿಗೇನ ತೆಗೀಲೇ ಇಲ್ಲವಂತೆ.

ಅಳಬೇಡ ಪುಟ್ಟ. ಅಳು ಬಂದ್ರೆ ಅಳು, ಪರವಾಗಿಲ್ಲ, ಇಲ್ಲಿ ಹತ್ತಿರ ಬಾ.

ಗಂಟೆ ಚೆನ್ನಾಗಿ ಬಂತಂತೆ. ಆ ಮಳೆಗಾಲದಲ್ಲೇ ಹೊಳೆ ಉಕ್ಕಿತು, ಗಂಟೆ ಬಾರಿಸಿದ್ರು, ಊರಿಗೆ ಊರೇ ಗುಡ್ಡ ಹತ್ತಿ ಉಳ್ಕೊಂಡಿತು. ಜನ ಹಾರ ತಂದು, ಆಚಾರ್ರೇ, ನಿಮ್ಮ ಗಂಟೆ ನಮ್ಮ ಮಕ್ಕಳನ್ನ ಉಳಿಸ್ತು ಅಂದರಂತೆ. ಸಾವಂತ್ರಮ್ಮ ಒಳಗೆ ಕೂತು ಬತ್ತಿ ಹೊಸೀತಿದ್ದಳು, ಕೇಳಿಸ್ಕೊಂಡಳು, ಇನ್ನೊಂದು ಬತ್ತಿಗೆ ಹತ್ತಿ ತಗೊಂಡಳು. ಅವಳು ಗಂಡನಿಗೆ ಒಂದು ದಿನಾನೂ ಬೈಯಲಿಲ್ಲವಂತೆ. ಊಟ ಬಡಿಸ್ತಿದ್ದಳು, ನೀರು ಕಾಯಿಸ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡ್ತಿದ್ದಳು, ಶಾರಿ ಅನ್ನೋ ಹೆಸರು ಮಾತ್ರ ಅವಳ ಬಾಯಲ್ಲಿ ಮತ್ತೆ ಬರಲೇ ಇಲ್ಲ. ಬೈದುಬಿಟ್ಟಿದ್ರೆ ಅವನಿಗೆ ಎಷ್ಟೋ ಹಗುರಾಗ್ತಿತ್ತಂತೆ. ನಾವು ಸುಮ್ಮನಿದ್ದಿದ್ದಕ್ಕೇ ಗಂಟೆ ಉಳೀತು, ಗಂಟೆಯಿಂದ ಊರು ಉಳೀತು ಅಂತ ಅವನು ತನಗೆ ತಾನೇ ಹೇಳ್ಕೊಳ್ತಿದ್ದನಂತೆ. ಅದೊಂದನ್ನೇ ಹಿಡ್ಕೊಂಡು ಬದುಕಿದ್ದ.

ಆಮೇಲೆ ಅವನು ದುಡಿದಿದ್ದನ್ನೆಲ್ಲ ಊರಿಗೆ ಸುರಿಯೋಕೆ ಹತ್ತಿದನಂತೆ. ಮೊದಲು ಹೊಳೆಗೆ ಕಲ್ಲಿನ ಸೇತುವೆ ಕಟ್ಟಿಸಿದ. ಮನೆಗೆ ಬಂದು, ಸಾವಂತ್ರಿ, ಇನ್ನು ಯಾರೂ ದೋಣಿಗೆ ಕಾಯಬೇಕಾಗಿಲ್ಲ ಅಂದನಂತೆ. ಒಳ್ಳೇದಾಯ್ತು ಅಂದಳು, ಅಷ್ಟೇ. ಎರಡನೇದು ಆಸ್ಪತ್ರೆ. ಹೊಳೆಯಾಚೆ ಪಂಡಿತರ ಮಗನನ್ನೇ ಕರ್ಕೊಂಡು ಬಂದು ಕೂರಿಸಿದ, ಮಕ್ಕಳ ಗಂಟಲು ಬೇನೆಗೆ ಅಂತಲೇ ಒಂದು ಕೋಣೆ ಮಾಡಿಸಿದ. ಅವಳನ್ನ ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸಿದನಂತೆ. ಅವಳು ಆ ಕೋಣೆಯ ಹೊಸಿಲ ತನಕ ಹೋಗಿ ಹಿಂದಕ್ಕೆ ಬಂದುಬಿಟ್ಟಳಂತೆ. ಹೀಗೇ ವರ್ಷಗಳಾದವು, ಗಂಡುಮಕ್ಕಳು ಎರಕದ ಮನೆ ವಹಿಸ್ಕೊಂಡರು, ಇವನ ಮೀಸೆ ಬೆಳ್ಳಗಾಯ್ತು. ಮೂರನೇದಾಗಿ ಹೆಣ್ಣುಮಕ್ಕಳಿಗೆ ಅಂತ ಒಂದು ಶಾಲೆ ಕಟ್ಟಿಸಿದ. ಊರವರು ನಿಮ್ಮ ಹೆಸರು ಕೆತ್ತಿಸ್ತೀವಿ ಅಂದ್ರೆ ಬೇಡ ಅಂತ ಕೈ ಮುಗಿದನಂತೆ. ಆಮೇಲೆ ಹೆಂಡತಿ ಎದುರು ಕೂತು, ನಾನಿನ್ನೇನು ಮಾಡ್ಲಿ ಹೇಳು ಸಾವಂತ್ರಿ ಅಂದನಂತೆ, ಚಿಕ್ಕ ಮಕ್ಕಳ ಹಾಗೆ.

ಅವಳು, ಶಾಲೆಗೆ ಒಂದು ಗಂಟೆ ಬೇಕಲ್ಲ, ಅದನ್ನ ಎಲ್ಲರೂ ಮಾತಾಡ್ತಾ ಹೊಯ್ಯಿರಿ ಅಂದಳಂತೆ.

ಅವನ ಮುಖದಲ್ಲಿ ರಕ್ತ ಇಂಗಿಹೋಯ್ತಂತೆ. ಗಂಟೆ ಸೀಳಿದ್ರೆ ಸರಿ, ಆವತ್ತು ಸುಮ್ಮನಿದ್ದಿದ್ದಕ್ಕೆ ಒಂದು ಅರ್ಥ ಇತ್ತು ಅಂತಾಗುತ್ತೆ. ಸೀಳದೇ ಇದ್ರೆ? ಗಂಡುಮಕ್ಕಳು ಬೇಡ ಅಪ್ಪಯ್ಯ, ಮೂರು ತಲೆಮಾರಿನ ಕಟ್ಟಳೆ, ಕುಲದೇವತೆ ಕಾಳಮ್ಮ ಮುನಿಸ್ಕೊತಾಳೆ ಅಂದರಂತೆ. ಅವನು, ನಿಮ್ಮಮ್ಮ ಜೀವಮಾನದಲ್ಲಿ ನನ್ನನ್ನ ಕೇಳಿರೋದು ಇದೊಂದೇ, ಒಲೆ ಹಚ್ಚಿ ಅಂದನಂತೆ.

ಒಲೆ ಹಚ್ಚಿದ್ರು. ಮಾತಾಡಿ ಅಂದ್ರೆ ಒಬ್ಬರಿಗೂ ಮಾತು ಹೊರಡ್ತಿಲ್ಲ. ಆಗ ಸಾವಂತ್ರಮ್ಮ ಒಳಗೆ ಬಂದು ಒಲೆ ಪಕ್ಕದಲ್ಲೇ ಮಣೆ ಹಾಕ್ಕೊಂಡು ಕೂತು, ಇವತ್ತು ಹುಳಿಗೆ ಏನು ಹಾಕ್ಲಿ, ನುಗ್ಗೇಕಾಯೋ ಬದನೇಕಾಯೋ ಅಂತ ಕೇಳಿದಳಂತೆ. ತಿದಿ ಒತ್ತೋ ಒಬ್ಬ ಮೆಲ್ಲಗೆ, ನುಗ್ಗೇಕಾಯಿ ತಾಯಿ ಅಂದ. ಇನ್ನೊಬ್ಬ, ನಿನ್ನೇನೂ ಅದೇ ತಿಂದ್ವಲ್ಲೋ ಅಂದ. ಯಾರೋ ನಕ್ಕರು. ಅಷ್ಟೇ ನೋಡು, ಕಟ್ಟೆ ಒಡೆದ ಹಾಗೆ ಎಲ್ಲರೂ ಮಾತಾಡೋಕೆ ಶುರುಮಾಡಿದರಂತೆ, ಬೀದಿ ಮಕ್ಕಳೆಲ್ಲ ಬಾಗಿಲಿಗೆ ಬಂದು ಕಿರುಚಾಡಿದರಂತೆ. ಆ ಗಲಾಟೆಯಲ್ಲೇ ಕಂಚು ಅಚ್ಚಿಗೆ ಇಳೀತು. ಕಾಳಿಂಗಾಚಾರಿ ಒಬ್ಬ ಮಾತ್ರ ಮೂಲೇಲಿ ನಿಂತು ಕಣ್ಣು ಮುಚ್ಕೊಂಡು, ಒಡೀಲಿ ತಾಯಿ, ಇದೊಂದು ಗಂಟೆ ಒಡೀಲಿ ಅಂತ ಕಾಳಮ್ಮನ್ನ ಬೇಡ್ಕೊಳ್ತಿದ್ದನಂತೆ.

ಆಮೇಲೆ ಎರಕ ಆರಿತು, ಅಚ್ಚು ಒಡೆದ್ರು, ಹುಣಸೆಹಣ್ಣು ಹಾಕಿ ತಿಕ್ಕಿದ್ರು, ತೂಗುಹಾಕಿ ಹೊಡೆದ್ರು. ಒಂದು ಕೂದಲೆಳೆಯಷ್ಟೂ ಸೀಳಿರಲಿಲ್ಲ. ಅಂಥ ತುಂಬು ನಾದ ಆ ಬೀದೀಲಿ ಯಾವತ್ತೂ ಬಂದಿರಲಿಲ್ಲವಂತೆ. ಎಲ್ಲರೂ ಕುಣಿದಾಡಿದ್ರು. ಕಾಳಿಂಗಾಚಾರಿ ಬೂದಿ ಮೇಲೇ ಕುಸಿದು ಕೂತು, ಸುಮ್ಮನೆ ಹೋದಳಲ್ಲೇ, ನನ್ನ ಮಗಳು ಏನೂ ಇಲ್ಲದ್ದಕ್ಕೆ ಹೋದಳಲ್ಲೇ ಅಂತ ಎದೆ ಎದೆ ಬಡ್ಕೊಂಡು ಅತ್ತನಂತೆ. ಗಂಡಸರೆಲ್ಲ ತಲೆ ತಗ್ಗಿಸ್ಕೊಂಡು ಆಚೆ ಹೋದರಂತೆ.

ಸಾವಂತ್ರಮ್ಮ ಬಂದು ಅವನ ಪಕ್ಕ ಬೂದೀಲೇ ಕೂತಳಂತೆ. ನಿಮ್ಮನ್ನ ನೋಯಿಸೋಕೆ ಅಂತ ನಾನು ಈ ಗಂಟೆ ಕೇಳಲಿಲ್ಲ, ಅಂದಳಂತೆ. ಶಾರಿಯ ಬಾಯಿ ಮುಚ್ಚಿದ್ದು ನನ್ನ ಕೈ. ಈ ಕೈ ಮಾಡಿದ್ದು ಸರಿಯೋ ತಪ್ಪೋ ತಿಳ್ಕೊಳ್ಳದೆ ಸಾಯೋಕೆ ನನಗೆ ಆಗ್ತಿರಲಿಲ್ಲ. ನಿಮಗೆ ಬೈಯೋಕೆ ನನಗೆಲ್ಲಿತ್ತು ಬಾಯಿ? ಅಂತ ಹೇಳಿ ಅವಳೂ ಅತ್ತಳಂತೆ. ಅಷ್ಟು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಅತ್ತಿದ್ದು ಅದೇ ಮೊದಲು. ಅತ್ತು ಮುಗಿದಮೇಲೆ ಅವನು, ಕಂಚಿಗೆ ಕಚಗುಳಿ ಆಗುತ್ತೆ ಅಂದ್ರೆ ನಂಬ್ತಿದ್ದಳು ಅಂದ. ಅವಳು, ನಂಬ್ತಿರಲಿಲ್ಲ, ಅಪ್ಪ ಸುಳ್ಳು ಹೇಳ್ತಾರೆ ಅಂತ ನನ್ನ ಹತ್ರ ಬಂದು ನಗ್ತಿದ್ದಳು ಅಂದಳಂತೆ. ಹೀಗೇ ಒಂದೊಂದೇ ನೆನೆಸ್ಕೊಂಡು ಹೊತ್ತು ಇಳಿಯೋವರೆಗೂ ಮಗಳ ಮಾತೇ ಆಡಿದರಂತೆ.

ಆವತ್ತಿಂದ ಆ ಬೀದೀಲಿ ಗಂಟೆ ಹೊಯ್ಯೋವಾಗ ಯಾರ ಬಾಯನ್ನೂ ಯಾರೂ ಮುಚ್ಚಿಸಲಿಲ್ಲವಂತೆ. ಮುದುಕ ಮುದುಕಿ ಇಬ್ಬರೂ ಜಗಲೀಲಿ ಕೂತು, ಶಾಲೆ ಬಿಟ್ಟು ಬರೋ ಹೆಣ್ಣುಮಕ್ಕಳು ಹೇಳೋದನ್ನೆಲ್ಲ, ಜಗಳ, ಚಾಡಿ, ಲೆಕ್ಕ ತಪ್ಪಿದ್ದು, ಎಲ್ಲಾನೂ ಮುಗಿಯೋವರೆಗೂ ಕೇಳ್ತಿದ್ದರಂತೆ. ಸಂತೋಷವಾಗಿದ್ದರಾ ಅಂತ ಕೇಳಿದ್ರೆ, ಹೋದ ಮಗು ಬರಲಿಲ್ಲ ಪುಟ್ಟ, ಆದರೂ ಒಬ್ಬರಿಗೊಬ್ಬರು ಇದ್ದರು. ಅಲ್ಲಿಗೆ ಈ ಕತೆ ಮುಗೀತು. ನಿನಗೇನಾದರೂ ಹೇಳೋದಿದ್ರೆ ಹೇಳಿ ಮಲಗು, ನಾನು ಎದ್ದೇ ಇದ್ದೀನಿ.